ಒಂದೇ ತೋಟ, ಮೂರು ಗುತ್ತಿಗೆ

ಕೇಳುಗರಿಗೆ ನಮಸ್ಕಾರ. ಮಾರ್ಚ್, ಏಪ್ರಿಲ್ ಬಂತೆಂದರೆ ಕೊಡಗಿನ ಕಾಫಿ ತೋಟಗಳಲ್ಲಿ ಕರಿಮೆಣಸು ಕೊಯ್ಯುವವರು, ಮರದ ಕೊಂಬೆ ಕಡಿದು ಕಪಾತು ಮಾಡುವವರು, ಸ್ಪ್ರಿಂಕ್ಲರ್ ಪೈಪು ಹೊರುವವರು ಒಂದೇ ಹೊತ್ತಿಗೆ ಕೆಲಸದಲ್ಲಿರುತ್ತಾರೆ. ಒಬ್ಬೊಬ್ಬರಿಗೆ ಒಬ್ಬೊಬ್ಬ ಗುತ್ತಿಗೆದಾರ. ಅವನ ಕೆಳಗೆ ಆಳು ತರುವ ಮೇಸ್ತ್ರಿ. ಮಾಲೀಕರಲ್ಲಿ ನನ್ನ ವಿನಂತಿ ಒಂದೇ: ದಿನವೂ ಕೆಲಸ ಹಿಡಿಯುವ ಮುನ್ನ ಈ ಎಲ್ಲ ಮೇಸ್ತ್ರಿಗಳನ್ನು ಒಂದೆಡೆ ನಿಲ್ಲಿಸಿ, ಯಾರು ಎಲ್ಲಿ ಏನು ಮಾಡುತ್ತಾರೆಂಬುದನ್ನು ಎಲ್ಲರೆದುರು ಹೇಳಿಸಿ.

ಸಿದ್ದಾಪುರದ ಕಡೆಯ ಒಂದು ತೋಟದಲ್ಲಿ ನಡೆದದ್ದನ್ನು ಹೇಳುತ್ತೇನೆ. ತೋಟದ ನಡುವೆ 11 ಕೆ.ವಿ. ತಂತಿ ಹಾದುಹೋಗಿದೆ. ಕಪಾತಿನ ಮೇಸ್ತ್ರಿ ಜಾಣ. ತಂತಿಯ ಬದಿಯ ಸಿಲ್ವರ್ ಓಕ್ ಕೊಂಬೆಗಳನ್ನು ಕಡಿಯುವುದಕ್ಕಾಗಿ ವಿದ್ಯುತ್ ಕಂಪನಿ ಸೆಸ್ಕ್‌ನ ಕಚೇರಿಗೆ ಹೇಳಿ ಲೈನ್ ಆಫ್ ಮಾಡಿಸಿದ್ದ. ಪಕ್ಕದಲ್ಲಿ ಮೆಣಸು ಕೊಯ್ಯುತ್ತಿದ್ದ ಅಸ್ಸಾಮಿನ ಹುಡುಗರು, ತಂತಿಯ ಹತ್ತಿರವೇ ಕತ್ತಿಯಾಡಿಸುತ್ತಿದ್ದವರನ್ನು ನೋಡಿ, ಇಂದಿಡೀ ಕರೆಂಟ್ ಇಲ್ಲವೆಂದು ತಾವೇ ತೀರ್ಮಾನಿಸಿಕೊಂಡರು. ಹನ್ನೆರಡಕ್ಕೇ ಕಪಾತು ಮುಗಿಯಿತು, ಲೈನ್‌ಮ್ಯಾನ್‌ಗೆ ಫೋನ್ ಹೋಯಿತು, ತಂತಿಗೆ ವಿದ್ಯುತ್ ಬಂತು. ಹುಡುಗರಿಗೆ ಹೇಳುವವರಾರು? ಅವರು ಬೇರೆ ಗುತ್ತಿಗೆಯವರಲ್ಲವೇ! ಊಟ ಮುಗಿಸಿ ಬಂದ ಇಬ್ಬರು ಅಲ್ಯೂಮಿನಿಯಂ ಏಣಿಯನ್ನು ಮಲಗಿಸದೆ, ನೆಟ್ಟಗೆ ಹಿಡಿದುಕೊಂಡೇ ಮುಂದಿನ ಬಳ್ಳಿಯತ್ತ ನಡೆದರು. ಪಂಪ್‌ಹೌಸಿನಲ್ಲಿ ದೀಪ ಹತ್ತಿದ್ದನ್ನು ನೋಡಿ ಬಂದಿದ್ದ, ಪೈಪು ಹೊರುವ ಹೆಂಗಸೊಬ್ಬರು ಕಿರುಚಿಕೊಂಡದ್ದರಿಂದ ಏಣಿ ಅಲ್ಲಿಯೇ ನಿಂತಿತು. ಅದರ ತುದಿಗೂ ತಂತಿಗೂ ನಡುವೆ ಎರಡು ಅಡಿಯೂ ಇರಲಿಲ್ಲ.

ಮಾಲೀಕರು ನನಗೆ ಕೊಟ್ಟ ಉತ್ತರ, "ಅದೆಲ್ಲ ಮೇಸ್ತ್ರಿಗೆ ಬಿಟ್ಟದ್ದು." ಕ್ಷಮಿಸಬೇಕು, ಈ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಗುತ್ತಿಗೆದಾರನ ಆಳಿಗೆ ಪೆಟ್ಟಾದರೂ ಪರಿಹಾರವನ್ನು ಕೆಲಸ ಮಾಡಿಸಿದ ಮಾಲೀಕನಿಂದಲೇ ಕೇಳಬಹುದು, ಆತ ಬೇಕಾದರೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ ಎಂದು 1923ರ ಪರಿಹಾರ ಕಾಯಿದೆಯೇ ಹೇಳಿತ್ತು.

ಹೋಂಸ್ಟೇ ಕಟ್ಟಲು ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಬದಿ, ತೆಗೆಸುವವರಿಗೂ ಇದೇ ಮಾತು. ಮೇಲೆ ಜೆಸಿಬಿ ಮಣ್ಣು ಅಗೆಯುವಾಗ ಕೆಳಗೆ ಗಾರೆಯವರು ತಡೆಗೋಡೆ ಕಟ್ಟುತ್ತಿರಬಾರದು. ಇಬ್ಬರೂ ಬೆಳಿಗ್ಗೆಯೇ ಮುಖಾಮುಖಿ ಮಾತಾಡಿಕೊಂಡಿರಬೇಕು.

ಸಮಯ ಮುಗಿಯುತ್ತಿದೆ. ಬೆಳಗಿನ ಮಾತು ಕನ್ನಡದಲ್ಲಷ್ಟೇ ಆದರೆ ಸಾಲದು. ಹೊರರಾಜ್ಯದ ಗುಂಪಿನಲ್ಲಿ ಭಾಷೆ ಬಲ್ಲ ಒಬ್ಬನಿಂದ ಉಳಿದವರಿಗೆ ಹೇಳಿಸಿ, ಅವರ ಬಾಯಿಂದಲೇ ತಿರುಗಿ ಕೇಳಿಸಿಕೊಳ್ಳಿ. ಎಲ್ಲ ಮೇಸ್ತ್ರಿಗಳೂ ತಮ್ಮ ಆಳುಗಳು ತಂತಿಯಿಂದ ದೂರ ಬಂದಿದ್ದಾರೆಂದು ಹೇಳುವವರೆಗೆ ಲೈನ್‌ಮ್ಯಾನ್‌ಗೆ ಫೋನ್ ಮಾಡಬೇಡಿ. ನಮಸ್ಕಾರ.