ಟವೆಲ್ ಮೂಸಿ ನೋಡಿ

ಎಲ್ಲರಿಗೂ ನಮಸ್ಕಾರ. ಕೊಡಗು, ಚಿಕ್ಕಮಗಳೂರಿನ ಹೋಮ್‌ಸ್ಟೇಗಳಲ್ಲಿ ಮಸಾಜ್ ಕೊಠಡಿ ನಡೆಸುವವರು ಇಲ್ಲಿದ್ದೀರಿ, ಹೊಸದಾಗಿ ಸ್ಪಾ ತೆರೆಯಲು ಹೊರಟವರೂ ಇದ್ದೀರಿ. ಮೈಗೆಲ್ಲ ಎಣ್ಣೆ ತಿಕ್ಕುವ ಅಭ್ಯಂಗ, ಹಣೆಯ ಮೇಲೆ ಎಣ್ಣೆಯನ್ನು ಧಾರೆಯಾಗಿ ಬಿಡುವ ಶಿರೋಧಾರೆ ನಿಮಗೆ ಹೊಸದಲ್ಲ, ಅವನ್ನು ವಿವರಿಸಬೇಕಾಗಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ಸ್ಪಾ ಮಾಡುವಾಗ ದುಡ್ಡೆಲ್ಲ ಮುಂದಿನ ಕೋಣೆಗೇ ಸುರಿಯುತ್ತೇವೆ. ಬುದ್ಧನ ಮೂರ್ತಿ, ಉರುಳಿಯಲ್ಲಿ ತೇಲುವ ಹೂವು, ಕೊಳಲಿನ ಸಂಗೀತ. ಬಂದವರು ಅಲ್ಲಿ ಕೂರುವುದು ಐದೇ ನಿಮಿಷ. ಒಳಗೆ ಒಂದು ಗಂಟೆ ಕಣ್ಣು ಮುಚ್ಚಿ ಮಲಗಿರುತ್ತಾರೆ. ಆಗ ಎಚ್ಚರವಾಗಿರುವುದು ಮೂಗು, ಕಿವಿ, ಚರ್ಮ. ಬೋರಲು ಮಲಗಿದವರ ಮೂಗು ಟವೆಲ್‌ನಿಂದ ಒಂದು ಇಂಚು ದೂರದಲ್ಲೂ ಇರುವುದಿಲ್ಲ. ಆ ಟವೆಲ್ ಕಮಟು ನಾತ ಹೊಡೆಯುತ್ತಿದ್ದರೆ ನಿಮ್ಮ ಕೊಳಲು ಯಾರಿಗೂ ಕೇಳಿಸುವುದಿಲ್ಲ.

ಈ ಕಮಟು ಎಲ್ಲಿಂದ ಬರುತ್ತದೆ? ನೂಲಿನೊಳಗೆ ಉಳಿದ ಎಣ್ಣೆ ಗಾಳಿ ತಾಗಿ ಕೆಡುತ್ತದೆ. ಎಣ್ಣೆ ಟವೆಲ್‌ಗಳನ್ನು ಬುಟ್ಟಿಗೆ ಹಾಕಿ ಎರಡು ದಿನ ಬಿಟ್ಟು ತಣ್ಣೀರಲ್ಲಿ ಒಗೆದರೆ ಬಣ್ಣ ಬೆಳ್ಳಗಾಗುತ್ತದೆ, ಎಣ್ಣೆ ಅಲ್ಲೇ ಇರುತ್ತದೆ. ಅವತ್ತಿನದನ್ನು ಅವತ್ತೇ ಒಗೆಯಿರಿ. ಮೊದಲು ಬಿಸಿನೀರಿಗೆ ಡಿಟರ್ಜೆಂಟ್ ಜೊತೆ ಸ್ವಲ್ಪ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ. ಆಮೇಲೆ 60 ಡಿಗ್ರಿ ನೀರಲ್ಲಿ ಮಷಿನ್‌ಗೆ ಹಾಕಿ, ಡ್ರಮ್ಮಿನ ಮುಕ್ಕಾಲಿಗಿಂತ ಹೆಚ್ಚು ತುಂಬಬೇಡಿ. ಫ್ಯಾಬ್ರಿಕ್ ಸಾಫ್ಟನರ್ ಬೇಡವೇ ಬೇಡ, ಅದು ನೂಲಿನ ಮೇಲೆ ಪದರ ಕಟ್ಟಿ ಟವೆಲ್ ನೀರು ಹೀರದಂತೆ ಮಾಡುತ್ತದೆ.

ಇಲ್ಲಿ ನಾತಕ್ಕಿಂತ ದೊಡ್ಡ ವಿಷಯವೊಂದಿದೆ. ಮಳೆಗಾಲದಲ್ಲಿ ಬಿಸಿಲಿಲ್ಲವೆಂದು ಡ್ರೈಯರ್ ಬಳಸುತ್ತೀರಿ. ಎಣ್ಣೆ ಪೂರ್ತಿ ಹೋಗದ ಟವೆಲ್‌ಗಳನ್ನು ಬಿಸಿಬಿಸಿಯಾಗಿ ಮಡಿಸಿ ಒಂದರ ಮೇಲೊಂದು ಪೇರಿಸಬೇಡಿ. ಎಳ್ಳೆಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರುವಾಗ ಶಾಖ ಹುಟ್ಟುತ್ತದೆ. ರಾಶಿಯ ನಡುವೆ ಆ ಶಾಖ ಹೊರಹೋಗಲು ದಾರಿಯಿರುವುದಿಲ್ಲ. ಕೆಲವು ಗಂಟೆ ಕಳೆದ ಮೇಲೆ, ಯಾರೂ ಇಲ್ಲದ ರಾತ್ರಿಯಲ್ಲಿ, ಕಿಡಿಯೇ ಇಲ್ಲದೆ ಬೆಂಕಿ ಹೊತ್ತಿಕೊಳ್ಳಬಹುದು. ಹರಡಿ ಆರಿಸಿ, ಕೈಗೆ ತಣ್ಣಗೆ ಹತ್ತಿದ ಮೇಲೆ ಮಡಿಸಿ. ಒಗೆಯುವ ಮುಂಚೆ ತೆಗೆದಿಡುವ ಬುಟ್ಟಿ ಮುಚ್ಚಳವಿರುವ ಲೋಹದ್ದಾಗಿರಲಿ.

ನಮ್ಮ ನಾಡಿಗೆ ಎಣ್ಣೆಸ್ನಾನ ಹೊಸದೇನಲ್ಲ. ನರಕ ಚತುರ್ದಶಿಯ ಹಿಂದಿನ ಸಂಜೆಯೇ ನೀರು ತುಂಬುವ ಹಬ್ಬ. ಹಂಡೆ ಬೆಳಗಿ, ನೀರು ತುಂಬಿ, ಒಲೆ ಅಣಿ ಮಾಡಿ ಮಲಗುತ್ತಾರೆ. ಬೆಳಗಿನ ಜಾವ ಏಳುವಷ್ಟರಲ್ಲಿ ನೀರು ಕಾದಿರುತ್ತದೆ, ಎಣ್ಣೆ ಬೆಚ್ಚಗಿರುತ್ತದೆ, ಸೀಗೆಪುಡಿ ಬಟ್ಟಲಲ್ಲಿರುತ್ತದೆ. ಎಣ್ಣೆ ಹಚ್ಚಿಸಿಕೊಂಡವನು ಮಣೆಯ ಮೇಲೆ ನಡುಗುತ್ತಾ ನೀರು ಕಾಯಲಿ ಎಂದು ಕೂರುವುದಿಲ್ಲ. ಎಣ್ಣೆ ಮೈಗೆ ತಾಗುವ ಮೊದಲೇ ಎಲ್ಲ ಸಿದ್ಧ. ಸ್ಪಾ ನಡೆಸುವವರಿಗೆ ಬೇಕಾದ ಶಿಸ್ತೆಲ್ಲ ಆ ಬಚ್ಚಲಮನೆಯಲ್ಲೇ ಇದೆ. ಥೆರಪಿಸ್ಟ್ ನಡುವೆ ಎದ್ದುಹೋಗಿ ಎಣ್ಣೆ ತರುವುದು, ಗೀಸರ್ ಹಾಕಿದೆಯೇ ಎಂದು ಬಾಗಿಲಾಚೆ ಕೂಗುವುದು, ಇವೆರಡನ್ನು ನಿಲ್ಲಿಸಿದರೆ ಅರ್ಧ ಕೆಲಸ ಆದ ಹಾಗೆ.

ಅಭ್ಯಂಗಕ್ಕೆ ಒಬ್ಬರಿಗೆ 100ರಿಂದ 150 ಮಿಲಿ ಎಣ್ಣೆ ಸಾಕು. ಎಣ್ಣೆಯನ್ನು ನೇರ ಉರಿಯ ಮೇಲಿಡದೆ, ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಬೆಚ್ಚಗೆ ಮಾಡಿ, ಮುಂಗೈ ಒಳಭಾಗಕ್ಕೆ ಒಂದು ಹನಿ ಹಾಕಿ ನೋಡಿ. ಒಬ್ಬರಿಗೆ ಬಳಸಿದ್ದು ಇನ್ನೊಬ್ಬರಿಗೆ ಬೇಡ, ಶಿರೋಧಾರೆಯ ಎಣ್ಣೆ ಎಷ್ಟೇ ಉಳಿದಿರಲಿ. ಎಣ್ಣೆ ಹಚ್ಚಿಸಿಕೊಂಡು ಅಲುಗದೆ ಮಲಗಿದವರಿಗೆ ಬೇಗ ಚಳಿಯಾಗುತ್ತದೆ. ಕೋಣೆ 25 ಡಿಗ್ರಿಯ ಆಸುಪಾಸಿನಲ್ಲಿರಲಿ, ಎ.ಸಿ. ಗಾಳಿ ಮೇಜಿನ ಮೇಲೆ ಬೀಳದಿರಲಿ.

ಇನ್ನು ಹೊತ್ತಿನ ಲೆಕ್ಕ. 60 ನಿಮಿಷದ ಮಸಾಜ್‌ಗೆ ಪುಸ್ತಕದಲ್ಲಿ 90 ನಿಮಿಷ ಬರೆಯಿರಿ. ಮಾತಿಗೆ ಹತ್ತು, ಸ್ನಾನಕ್ಕೆ ಹತ್ತು, ಕೋಣೆ ಒರೆಸಿ ಹಾಸಿಗೆ ಬದಲಿಸಲು ಹತ್ತು. ಹನ್ನೊಂದಕ್ಕೆ ಒಬ್ಬರು, ಹನ್ನೆರಡಕ್ಕೆ ಇನ್ನೊಬ್ಬರು ಎಂದು ಬರೆದರೆ ಎರಡನೆಯವರು ಮಲಗುವುದು ಮೊದಲನೆಯವರ ಬೆವರಿನ ಮೇಲೆ. ಆಗ ಮತ್ತೆ ಅದೇ ಟವೆಲ್ಲಿನ ಕಥೆ.

ಆ ಮೊದಲ ಹತ್ತು ನಿಮಿಷದಲ್ಲಿ ಬಿ.ಪಿ., ಗರ್ಭಿಣಿಯೇ, ಇತ್ತೀಚೆಗೆ ಆಪರೇಷನ್ ಆಗಿದೆಯೇ, ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ, ಎಳ್ಳು-ಬಾದಾಮಿ ಮೈಗೆ ಒಗ್ಗುವುದಿಲ್ಲವೇ ಎಂದು ಕೇಳಲೇಬೇಕು. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಮುಟ್ಟದೆ ಡಾಕ್ಟರ ಬಳಿ ಕಳಿಸಿ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ, ತಿಕ್ಕಿದಾಗ ಅದು ಕಳಚಿ ಶ್ವಾಸಕೋಶ ಸೇರಬಹುದು.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಮೇಜಿನ ಎತ್ತರ: ಪಕ್ಕದಲ್ಲಿ ನಿಂತು ಮುಷ್ಟಿ ಕಟ್ಟಿ ಕೈ ಇಳಿಬಿಟ್ಟರೆ ಗೆಣ್ಣು ತಾಗುವಷ್ಟು. ಎತ್ತರವಾದರೆ ಥೆರಪಿಸ್ಟ್‌ಗೆ ಹೆಗಲು ನೋವು, ತಗ್ಗಾದರೆ ಸೊಂಟ. ದಿನಕ್ಕೆ ನಾಲ್ಕೈದು ಮಸಾಜ್ ಮೀರಿಸಬೇಡಿ, ಹೆಬ್ಬೆರಳಿನ ಕೀಲು ಹೋದರೆ ಅವರ ಅನ್ನವೇ ಹೋಯಿತು. ಹೊದಿಕೆ ಸರಿಸುವುದು ಕೆಲಸ ನಡೆಯುವ ಭಾಗದಲ್ಲಿ ಮಾತ್ರ. ಬಾಗಿಲು ಕಿರ್ರೆನ್ನದಂತೆ ಅದರ ಕೀಲುಗಳಿಗೆ ಎಣ್ಣೆ, ಬಚ್ಚಲಿನಲ್ಲಿ ಜಾರದ ಮ್ಯಾಟ್ ಮತ್ತು ಹಿಡಿಕಂಬಿ.

ಮಡಿಕೇರಿ ಕಡೆಯವರಿಗೆ ಒಂದು ಮಾತು. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಬಿಸಿನೀರಿನ ಜೊತೆ ಇಳಿದದ್ದು ಪೈಪಿನ ತಿರುವಿನಲ್ಲಿ ಬೆಣ್ಣೆಯಂತೆ ಕೂರುತ್ತದೆ. ಸ್ನಾನಕ್ಕೆ ಮೊದಲು ಮೈಯೆಣ್ಣೆಯನ್ನು ಒಣಬಟ್ಟೆಯಲ್ಲಿ ಒರೆಸಿ, ಹೊರಗೆ ಎಣ್ಣೆ ತಡೆಯುವ ತೊಟ್ಟಿ ಕಟ್ಟಿಸಿ, ವಾರಕ್ಕೊಮ್ಮೆ ತೆಗೆಯಿರಿ.

ಬಾಗಿಲ ಬಳಿಯ ಮೇಜಿನ ಮೇಲೆ ಎರಡು ಬಿಳಿ ಟವೆಲ್ ಇಟ್ಟಿದ್ದೇವೆ. ಒಂದು ತಣ್ಣೀರಲ್ಲಿ ಒಗೆದದ್ದು, ಇನ್ನೊಂದು ಸೋಡಾ ಹಾಕಿದ ಬಿಸಿನೀರಲ್ಲಿ ನೆನೆಸಿದ್ದು. ನೋಡಲು ಎರಡೂ ಒಂದೇ. ಬೆಚ್ಚಗಿನ ಅಂಗೈಯಲ್ಲಿ ಒಂದು ನಿಮಿಷ ಹಿಡಿದು, ಮೂಸಿ ನೋಡಿ ಹೋಗಿ.