ಕೈಮರದ ಕೈ

ಕೇಳುಗರೇ, ನಮಸ್ಕಾರ.

ಕನ್ನಡದಲ್ಲಿ ಕೈಮರ ಅಂತ ಒಂದು ಮಾತಿದೆ. ದಾರಿ ಕವಲಾಗುವ ಕಡೆ ಊರುಗಳ ಹೆಸರು ಹೊತ್ತು ನಿಂತ ಕಂಬವನ್ನು ಕೈಮರ ಅನ್ನುತ್ತೇವೆ. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿ ಆ ಹೆಸರಿನ ಊರೇ ಇದೆ. ರೈಲಿನ ಸಿಗ್ನಲ್ ಕಂಬಕ್ಕೂ ಅದೇ ಹೆಸರು. ನಾನು ಸಿಗ್ನಲ್ ವಿಭಾಗಕ್ಕೆ ಖಲಾಸಿಯಾಗಿ ಸೇರಿದ ಕಾಲಕ್ಕೆ ತುಮಕೂರು ಲೈನಿನ ಹಳ್ಳಿಗಳವರು ರೈಲಿಗಾಗಿ ಗಡಿಯಾರ ನೋಡುತ್ತಿರಲಿಲ್ಲ. ಹೊಲದಲ್ಲಿ ನಿಂತು ಕತ್ತೆತ್ತಿದರೆ ಸಾಕು. "ಕೈಮರ ಬಿತ್ತು ಕಣ್ರೋ, ಓಡ್ರಿ" ಅಂತ ಕೂಗು ಬೀಳುತ್ತಿತ್ತು.

ಹೆಸರು ಇಟ್ಟವರು ಯಾರೋ, ಸರಿಯಾಗಿಯೇ ಇಟ್ಟಿದ್ದಾರೆ. ಇಂಗ್ಲೆಂಡಿನಲ್ಲಿ ರೈಲು ಶುರುವಾದ ದಿನಗಳಲ್ಲಿ ಸಿಗ್ನಲ್ ಅಂದರೆ ಹಳಿಯ ಪಕ್ಕ ನಿಂತ ಒಬ್ಬ ಮನುಷ್ಯ. ಕೈ ಚಾಚಿದರೆ ಒಂದು ಅರ್ಥ, ಎತ್ತಿದರೆ ಇನ್ನೊಂದು. 1840ರ ದಶಕದ ಆರಂಭದಲ್ಲಿ ಚಾರ್ಲ್ಸ್ ಹಟನ್ ಗ್ರೆಗರಿ ಎಂಬ ಎಂಜಿನಿಯರ್ ಲಂಡನ್ನಿನ ನ್ಯೂ ಕ್ರಾಸ್ ಎಂಬಲ್ಲಿ ಒಂದು ಕಂಬ ನೆಟ್ಟು ಅದಕ್ಕೆ ಆಡುವ ತೋಳು ಜೋಡಿಸಿದ. ಮನುಷ್ಯನ ಕೈ ಮರಕ್ಕೆ ಹೋಯಿತು. 1864ರಲ್ಲಿ ಜೋಲಾರಪೇಟೆಯಿಂದ ನಮ್ಮ ಬೆಂಗಳೂರಿನ ದಂಡು (ಕಂಟೋನ್ಮೆಂಟ್) ಸ್ಟೇಷನ್ನಿಗೆ ಮೊದಲ ಹಳಿ ಬಂದಾಗ ಆ ಕೈಗೆ ಇಪ್ಪತ್ತು ವರ್ಷ ದಾಟಿತ್ತು.

ನನ್ನ ಮೊದಲ ಕೆಲಸ ಆ ಕಂಬ ಹತ್ತುವುದು. ಸೊಂಟಕ್ಕೆ ಸೀಮೆಎಣ್ಣೆ ಡಬ್ಬಿ, ಹೆಗಲ ಮೇಲೆ ಒರೆಸುವ ಬಟ್ಟೆ. ಮೇಲೆ ದೀಪ. ದೀಪದ ಮುಂದೆ ತೋಳಿನ ಜೊತೆಗೇ ಆಡುವ ಕನ್ನಡಕದಂಥ ಚೌಕಟ್ಟು, ಅದರಲ್ಲಿ ಎರಡು ಗಾಜು. ಒಂದು ಕೆಂಪು. ಇನ್ನೊಂದು ಹಸಿರು ಅಂದುಕೊಂಡಿದ್ದೆ. ಮೊದಲ ದಿನ ಹಗಲು ಬೆಳಕಿನಲ್ಲಿ ನೋಡಿದರೆ ಅದು ನೀಲಿ! ತಪ್ಪು ಗಾಜು ಹಾಕಿದ್ದಾರೆ ಅಂತ ಗಾಬರಿಯಾಗಿ ಕೆಳಗಿಳಿದು ಮೇಸ್ತ್ರಿಗೆ ಹೇಳಿದೆ. ಅವರು ಸಮಾಧಾನದಿಂದ, "ಕತ್ತಲಾಗಲಿ, ನೋಡು" ಅಂದರು. ಸೀಮೆಎಣ್ಣೆಯ ಜ್ವಾಲೆ ಹಳದಿ. ಹಳದಿ ಬೆಳಕು ನೀಲಿ ಗಾಜಿನಿಂದ ಹೊರಬಂದರೆ ದೂರದ ಡ್ರೈವರಿಗೆ ಕಾಣುವುದು ಹಸಿರು. ದೀಪದ ಬೆನ್ನಿಗೂ ಒಂದು ಸಣ್ಣ ಕಿಂಡಿ ಇತ್ತು. ಸ್ಟೇಷನ್ ಮಾಸ್ಟರು ರಾತ್ರಿ ತಮ್ಮ ಜಾಗದಿಂದಲೇ ಆ ಬಿಳಿ ಚುಕ್ಕೆ ನೋಡಿ ದೀಪ ಉರಿಯುತ್ತಿದೆ, ಕೈ ಅಡ್ಡ ಇದೆ ಅಂತ ತಿಳಿದುಕೊಳ್ಳುತ್ತಿದ್ದರು. ಕೈ ಇಳಿದರೆ ಆ ಚುಕ್ಕೆ ಮರೆಯಾಗುತ್ತಿತ್ತು.

ಆದರೆ ನನ್ನನ್ನು ಆ ಕೆಲಸಕ್ಕೆ ಕಟ್ಟಿಹಾಕಿದ್ದು ಗಾಜಲ್ಲ, ತೂಕ. ಕೈ ಅಡ್ಡ ಇದ್ದರೆ ನಿಲ್ಲು, ಕೆಳಗೆ ವಾಲಿದರೆ ಹೋಗು. ಇಳಿಸಲು ಸ್ಟೇಷನ್ನಿನಿಂದ ತಂತಿ ಎಳೆಯಬೇಕು. ಹಿಡಿದು ಎಳೆದಿರುವಷ್ಟು ಹೊತ್ತೂ ಕೈ ಕೆಳಗೆ. ತಂತಿ ತುಂಡಾಯಿತು ಅನ್ನಿ, ಯಾರೋ ಕದ್ದರು ಅನ್ನಿ, ಎದುರುತೂಕದ ಭಾರಕ್ಕೆ ಕೈ ತಾನಾಗಿಯೇ ಅಡ್ಡಕ್ಕೆ ಏಳುತ್ತದೆ. ಕೆಟ್ಟರೆ ಅದು ಹೇಳುವ ಮಾತು ಒಂದೇ: ನಿಲ್ಲು. ತಂತಿ ಕೈಕೊಟ್ಟರೂ ಕೈಮರ ಕೈಬಿಡುತ್ತಿರಲಿಲ್ಲ. ಹಿಮ ಬೀಳುವ ದೇಶದಲ್ಲಿ ಇದಕ್ಕೂ ಒಂದು ಕಂಟಕವಿತ್ತು. 1876ರ ಜನವರಿಯಲ್ಲಿ ಇಂಗ್ಲೆಂಡಿನ ಆಬಟ್ಸ್ ರಿಪ್ಟನ್ ಬಳಿ ಹಿಮಗಟ್ಟಿ ಸಿಗ್ನಲ್ಲಿನ ಕೈ ಇಳಿದಲ್ಲೇ ಕಚ್ಚಿಕೊಂಡು ದೊಡ್ಡ ಅಪಘಾತವಾಯಿತು. ನಮ್ಮ ಬೆಂಗಳೂರಿನ ಚಳಿಗೆ ಆ ಭಯ ಇರಲಿಲ್ಲ.

ಈ ಕೈಯ ವಿಚಾರ ಮತ್ತೆ ತಲೆಗೆ ಬಂದದ್ದು ಹೋದ ವರ್ಷ. ನಮ್ಮಣ್ಣನ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಅಲ್ಲಿನ ಪೆರಿಸ್ ಎಂಬ ಊರಿನ ರೈಲ್ವೆ ಮ್ಯೂಸಿಯಮ್ಮಿಗೆ ಹೋಗಿದ್ದವನು ಒಂದು ವೀಡಿಯೊ ಕಳಿಸಿ, "ಚಿಕ್ಕಪ್ಪ, ಇದು ನಿಮಗೆ" ಅಂತ ಬರೆದಿದ್ದ. ರಸ್ತೆ ಹಳಿ ದಾಟುವ ಕಡೆ ಒಂದು ಕಂಬ. ಕಂಬದ ಚಾಚಿಗೆ ತೂಗುಬಿದ್ದ ದುಂಡು ತಟ್ಟೆ, ನಡುವೆ ಕೆಂಪು ದೀಪ. ರೈಲು ಹತ್ತಿರ ಬರುತ್ತಿದ್ದಂತೆ ಗಂಟೆ ಬಾರಿಸಿಕೊಂಡು ಆ ತಟ್ಟೆ ಲೋಲಕದ ಹಾಗೆ ಎಡಕ್ಕೆ ಬಲಕ್ಕೆ ತೂಗತೊಡಗಿತು. ಹತ್ತು ಸಲ ನೋಡಿದೆ. ನನಗೆ ಕಂಡದ್ದು ತಟ್ಟೆಯಲ್ಲ. ರಾತ್ರಿ ಹೊತ್ತು ಕೆಂಪು ಲಾಟೀನು ಹಿಡಿದು ರಸ್ತೆಯ ನಡುವೆ ನಿಂತು ಕೈ ಬೀಸುತ್ತಿರುವ ಗೇಟ್‌ಮನ್.

ನಿಜಕ್ಕೂ ಅದನ್ನು ಮಾಡಿದ್ದೇ ಹಾಗೆ. ವಿಗ್‌ವ್ಯಾಗ್ ಅಂತ ಅದರ ಹೆಸರು. ಲಾಸ್ ಏಂಜಲೀಸ್‌ನ ಪೆಸಿಫಿಕ್ ಎಲೆಕ್ಟ್ರಿಕ್ ಕಂಪನಿಯ ಆಲ್ಬರ್ಟ್ ಹಂಟ್ ಎಂಬ ಎಂಜಿನಿಯರ್ 1909ರಲ್ಲಿ ರೂಪಿಸಿದ್ದು. ಎರಡು ವಿದ್ಯುತ್ ಅಯಸ್ಕಾಂತಗಳು ಸರದಿಯ ಮೇಲೆ ಎಳೆಯುತ್ತವೆ, ತಟ್ಟೆ ತೂಗುತ್ತದೆ. ಆಮೇಲೆ ಬಂದ, ಒಂದಾದ ಮೇಲೊಂದು ಮಿನುಗುವ ಜೋಡಿ ಕೆಂಪು ದೀಪಗಳೂ ಅದೇ ಬೀಸುವ ಕೈಯ ನೆರಳು. ಮಿನುಗು ದೀಪ ಬಂದ ಮೇಲೆ ವಿಗ್‌ವ್ಯಾಗ್‌ಗಳನ್ನು ಕಿತ್ತರು. ಪಾಯಿಂಟ್ ರಿಚ್‌ಮಂಡ್ ಎಂಬಲ್ಲಿ ಮಾತ್ರ ಊರಿನವರು ಹಟ ಹಿಡಿದು ಒಂದು ಜೋಡಿಯನ್ನು ಇದ್ದ ಜಾಗದಲ್ಲೇ ಉಳಿಸಿಕೊಂಡಿದ್ದಾರೆ. ಅವು ಈಗ ತೂಗುವುದಿಲ್ಲ, ಸುಮ್ಮನೆ ನಿಂತಿವೆ.

ಅದರ ಚೆಂದಕ್ಕೆ ಮನಸೋತೆ, ನಿಜ. ಆದರೆ ಸಿಗ್ನಲ್ಲಿನವನ ಕಣ್ಣು ಬೇರೆ. ಕರೆಂಟ್ ಹೋದರೆ ಆ ತಟ್ಟೆ ಏನು ಮಾಡುತ್ತದೆ? ನೆಟ್ಟಗೆ ಜೋತುಬಿದ್ದು ಸುಮ್ಮನಾಗುತ್ತದೆ. ಸುಮ್ಮನಿದೆ ಅಂದರೆ ರೈಲಿಲ್ಲ ಅಂತ ತಾನೇ ಜನ ತಿಳಿಯುವುದು? ಆ ಕೊರತೆ ಕಂಡುಕೊಂಡು, ತಟ್ಟೆಯನ್ನು ಮರೆಯಲ್ಲಿ ಹಿಡಿದಿಟ್ಟು, ಕರೆಂಟ್ ತಪ್ಪಿದರೆ ಅದು ತಾನಾಗಿ ಹೊರಬೀಳುವ ಹಾಗೆ ಮಾಡಿದ ಬಗೆಯೂ ಒಂದು ಬಂತು. ಅದನ್ನು ಓದಿದಾಗ ನನಗೆ ಆದ ಸಂತೋಷ ಹೇಳತೀರದು. ಸಾವಿರಾರು ಮೈಲಿ ಆಚೆಯವರೂ ನಮ್ಮ ಕೈಮರಕ್ಕೆ ತೂಕ ಕಟ್ಟಿದವರ ಹಾಗೇ ಯೋಚಿಸಿದ್ದರು.

ಈಗ ನಮ್ಮೂರಿಗೆ ಬರೋಣ. ನಾನಿರುವುದು ಕೊಡಿಗೇಹಳ್ಳಿ ಕಡೆ. ಬೆಳಗಿನ ವಾಕಿಂಗ್ ಒಂದು ರೈಲ್ವೆ ಗೇಟಿನ ತನಕ. ಗೇಟ್ ಮುಚ್ಚಿದರೆ ಹತ್ತು ನಿಮಿಷದಲ್ಲಿ ಸ್ಕೂಲ್ ವ್ಯಾನು, ಆಟೋ, ಟೆಂಪೋ, ಬೈಕು ಎಲ್ಲ ಒತ್ತಿಕೊಂಡು ನಿಲ್ಲುತ್ತವೆ. ರೈಲಿನ ಸುಳಿವೇ ಇರುವುದಿಲ್ಲ. "ಏನ್ರೀ, ಇನ್ನೂ ರೈಲೇ ಕಾಣ್ತಿಲ್ಲ, ಸ್ವಲ್ಪ ತೆಗೀರಿ" ಅಂತ ಗೇಟ್‌ಮನ್‌ನ ಮೇಲೆ ಏರಿಹೋಗುತ್ತಾರೆ. ಆತ ಉತ್ತರ ಕೊಡುವುದಿಲ್ಲ. ಆತನ ಪರವಾಗಿ ನಾನು ಹೇಳುತ್ತೇನೆ, ಕೇಳಿ.

ಸಿಗ್ನಲ್ಲಿಗೆ ಜೋಡಿಸಿದ ಗೇಟನ್ನು ಮುಚ್ಚಿ ಬೀಗ ಬೀಳದ ಹೊರತು ರೈಲಿಗೆ ಸಿಗ್ನಲ್ ಬೀಳುವುದೇ ಇಲ್ಲ. ಸಿಗ್ನಲ್ ಬಿದ್ದ ಮೇಲೆ ಗೇಟ್ ತೆರೆಯುವುದಿಲ್ಲ, ಆತ ಮನಸ್ಸು ಮಾಡಿದರೂ ತೆರೆಯುವುದಿಲ್ಲ. ರೈಲು ಕಣ್ಣಿಗೆ ಬಿದ್ದ ಮೇಲೆ ಮುಚ್ಚಿದರಾಗದೇ ಅನ್ನುತ್ತೀರಿ. ಓಡುವ ರೈಲಿಗೆ ಬ್ರೇಕ್ ಹಾಕಿದರೆ ಅದು ನಿಲ್ಲಲು ನೂರಾರು ಮೀಟರ್ ಬೇಕು. ಅಷ್ಟು ದೂರದಲ್ಲೇ ಡ್ರೈವರಿಗೆ ಹಸಿರು ಕಾಣಬೇಕು, ಅದಕ್ಕೂ ಮೊದಲು ಗೇಟ್ ಮುಚ್ಚಿರಬೇಕು. ನೀವು ಕಾಯುವ ಆ ನಿಮಿಷಗಳು ಯಾರ ಸೋಮಾರಿತನದಿಂದಲೂ ಬಂದದ್ದಲ್ಲ. ಸಿಗ್ನಲ್ ಜೋಡಣೆ ಇಲ್ಲದ ಗೇಟುಗಳಲ್ಲಿ ಈ ಕೆಲಸವನ್ನು ಫೋನಿನ ಮಾತು ಮಾಡುತ್ತದೆ. ಪಕ್ಕದಲ್ಲಿ ಹಿಡಿಕೆ ತಿರುಗಿಸಿದರೆ ಗಂಟೆ ಹೊಡೆಯುವ ಮ್ಯಾಗ್ನೆಟೊ ಫೋನಿನಲ್ಲಿ ಸ್ಟೇಷನ್ ಮಾಸ್ಟರು ಕೇಳುತ್ತಾರೆ, ಗೇಟ್‌ಮನ್ ಮುಚ್ಚಿ ಬಂದು ತನ್ನ ಹಾಳೆಯಲ್ಲಿರುವ ಗುಟ್ಟಿನ ಅಂಕಿಯೊಂದನ್ನು ಹೇಳುತ್ತಾನೆ. ಆ ಅಂಕಿ ಎರಡೂ ಕಡೆ ಪುಸ್ತಕದಲ್ಲಿ ಬರೆದ ಮೇಲೆಯೇ ರೈಲು ಹೊರಡುವುದು.

ಗೇಟುಗಳು ಹೋಗಬೇಕಾದದ್ದೇ. ಕಾವಲಿಲ್ಲದ ಗೇಟುಗಳನ್ನು ಬ್ರಾಡ್‌ಗೇಜ್ ಹಾದಿಯಲ್ಲಿ 2019ರ ಜನವರಿಯ ಹೊತ್ತಿಗೆ ಪೂರ್ತಿ ತೆಗೆದರು, ಅದು ದೊಡ್ಡ ಪುಣ್ಯದ ಕೆಲಸ. ಉಳಿದ ಕಡೆಯೂ ಸೇತುವೆ ಆಗಲಿ. ಆಗುವ ತನಕ, ಅಡ್ಡಗಂಬದ ಕೆಳಗೆ ಬೈಕನ್ನು ವಾಲಿಸಿ ನುಸುಳುವ ಹುಡುಗರನ್ನು ಕಂಡರೆ ನನ್ನ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಹಿಂದೆ ಹೆಂಡತಿ, ಮುಂದೆ ಟ್ಯಾಂಕಿನ ಮೇಲೆ ಮಗು. ಮುಚ್ಚಿದ ಗೇಟನ್ನು ಮುರಿದರೆ ಐದು ವರ್ಷದ ತನಕ ಜೈಲು ಅಂತ 1989ರ ರೈಲ್ವೆ ಕಾಯ್ದೆ ಹೇಳುತ್ತದೆ. ಕಾನೂನಿನ ಮಾತು ಬಿಡಿ, ಆ ಮಗುವಿನ ಮುಖ ನೋಡಿಯಾದರೂ ನಿಲ್ಲಬಾರದೇ?

ಗೇಟ್‌ಮನ್‌ನ ಗುಮ್ಟಿಯೊಳಗೆ ಒಂದು ಸಲ ಇಣುಕಿ ನೋಡಿ. ಕೆಂಪು ಹಸಿರು ಬಾವುಟ, ಮೂರು ಬಣ್ಣದ ಕೈದೀಪ, ಮತ್ತೆ ಒಂದು ತಗಡಿನ ಡಬ್ಬಿಯಲ್ಲಿ ಹತ್ತು ಡಿಟೊನೇಟರ್. ಅಂಗೈಯಗಲದ ಬಿಲ್ಲೆ, ಹಳಿಗೆ ಬಿಗಿಯಲು ಸೀಸದ ಪಟ್ಟಿ. ಗಾಲಿ ಹತ್ತಿದರೆ ಢಂ ಅನ್ನುತ್ತದೆ. 1841ರಲ್ಲಿ ಎಡ್ವರ್ಡ್ ಕೂಪರ್ ಎಂಬಾತ ಮಂಜಿನ ದಿನಗಳಿಗೆಂದು ಕಂಡುಹಿಡಿದದ್ದು, ಇವತ್ತಿಗೂ ಕೆಲಸದಲ್ಲಿದೆ. ಕೈಯಲ್ಲಿ ಏನೂ ಇಲ್ಲದೆ ಹೋದರೆ ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿ ನಿಲ್ಲಬೇಕು. ಡ್ರೈವರ್ ಅದನ್ನು ಕೆಂಪು ಬಾವುಟ ಅಂತಲೇ ತಿಳಿಯಬೇಕು. ನಿಯಮದ ಪುಸ್ತಕದಲ್ಲಿ ಹಾಗೇ ಇದೆ.

ಅದನ್ನು ನಾನು ಕಣ್ಣಾರೆ ಕಂಡೆ. 1978ರ ಸುಮಾರು, ಆಗಿನ್ನೂ ಮೀಟರ್‌ಗೇಜ್. ತುಮಕೂರು ಲೈನಿನ ಒಂದು ಗೇಟಿನ ಫೋನು ಸತ್ತಿತ್ತು, ರಿಪೇರಿಗೆ ಹೋಗಿದ್ದೆ. ಆ ಗೇಟಿಗೆ ಸಿಗ್ನಲ್ ಜೋಡಣೆ ಇರಲಿಲ್ಲ. ರಾಗಿ ಹುಲ್ಲು ಹೇರಿದ ಗಾಡಿಯೊಂದು ದಾಟುವಾಗ ಚಕ್ರ ಹಳಿಯ ಸಂದಿಗೆ ಸಿಕ್ಕಿ ಅಚ್ಚು ಮುರಿಯಿತು. ಎತ್ತು ಬಿಚ್ಚಿದೆವು, ಗಾಡಿ ಅಲುಗಲಿಲ್ಲ. ತುಮಕೂರು ಕಡೆಯ ರೈಲಿನ ಹೊತ್ತು. ಗೇಟ್‌ಮನ್ ಕೆಂಪು ಬಾವುಟ ನನ್ನ ಕೈಗೆ ಕೊಟ್ಟು, "ಇಲ್ಲೇ ಹಿಡಿದು ನಿಲ್ಲಪ್ಪ" ಅಂದವರೇ ಡಬ್ಬಿ ಎತ್ತಿಕೊಂಡು ಓಡಿದರು. ಐವತ್ತು ದಾಟಿದ ಮನುಷ್ಯ. ನಾನೂರು ಮೀಟರಿಗೆ ಒಂದು ಬಿಲ್ಲೆ, ಎಂಟುನೂರು ಮೀಟರಿಗೆ ಮೂರು. ತಿರುವಿನ ಆಚೆ ಹೊಗೆ ಕಾಣಿಸಿತು. ಅವರು ಹಳಿಯ ಪಕ್ಕ ನಿಂತು ಎರಡೂ ಕೈ ಎತ್ತಿದರು. ಅಷ್ಟು ದೂರದಿಂದ ನನಗೆ ಮುಖ ಕಾಣಲಿಲ್ಲ, ಆ ಎರಡು ಕೈ ಮಾತ್ರ ಕಂಡವು. ಢಂ, ಢಂ, ಢಂ. ಆಮೇಲೆ ಬ್ರೇಕಿನ ಕಿರುಚಾಟ. ನಾಲ್ಕನೆಯ ಬಿಲ್ಲೆಯವರೆಗೆ ರೈಲು ಬರಲೇ ಇಲ್ಲ.

ಪ್ಯಾಸೆಂಜರುಗಳೂ ಇಳಿದು ಬಂದು ಗಾಡಿಯನ್ನು ಎತ್ತಿ ಪಕ್ಕಕ್ಕಿಟ್ಟರು. ಗಾಡಿಯವನು ಹಳಿಯ ಮೇಲೆ ಚೆಲ್ಲಿದ ಹುಲ್ಲನ್ನು ಬಾಚಿಕೊಳ್ಳುತ್ತಿದ್ದ. ರೈಲು ಹೊರಡುವ ಮೊದಲೇ ಗೇಟ್‌ಮನ್ ನಾಲ್ಕನೆಯ ಬಿಲ್ಲೆಯನ್ನು ಹಳಿಯಿಂದ ಬಿಚ್ಚಿ ತಂದು ಡಬ್ಬಿಗೆ ಹಾಕಿದರು. ರೈಲು ಹೊರಟುಹೋದ ಮೇಲೆ ಒಂದು ಚೊಂಬು ನೀರು ಕುಡಿದರು. ಆಮೇಲೆ ರಿಜಿಸ್ಟರ್ ತೆಗೆದು, ನಡುಗುವ ಕೈಯಲ್ಲೇ ಬರೆದರು: ಡಿಟೊನೇಟರ್ ಹತ್ತರಲ್ಲಿ ಮೂರು ಖರ್ಚು, ಉಳಿದದ್ದು ಏಳು.