ತಲಪಾಡಿ ದಾಟುವಾಗಿನ ಸಿನಿಮಾ ಮಾತು

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಹೊಸ ವರ್ಷದ ಹಬ್ಬ ವಿಷು ಕಳೆದು ಒಂದು ವಾರ ಆಯಿತು. ಶಾಲೆಗೆ ರಜೆ. ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿದೆ, ಕಾಗೆ ಓಡಿಸಲು ಮಕ್ಕಳನ್ನು ಕೂರಿಸಿದ್ದೇವೆ. ಈ ದಿನಗಳಲ್ಲಿ ನಮ್ಮ ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಯಾರು ಸಿಕ್ಕಿದರೂ ಮಾತು ಎರಡೇ. ಮೊದಲು, "ಎಂತ ಸೆಕೆ ಮಾರಾಯ್ರೆ!" ಆಮೇಲೆ, "ಆ ಸಿನಿಮಾ ನೋಡಿದ್ರಾ? ಹೇಗುಂಟು?"

ಇವತ್ತು ನಾನು ಮಾತಾಡಲು ಬಂದಿರುವುದು ಆ ಎರಡನೇ ಮಾತಿನ ಬಗ್ಗೆ. ಆ ಪ್ರಶ್ನೆಗೆ ನಾವು ಕೊಡುವ ಉತ್ತರದ ಬಗ್ಗೆ.

ನಮ್ಮ ಕಡೆ ಈ ಪ್ರಶ್ನೆಗೆ ತೂಕ ಜಾಸ್ತಿ. ಕಾಸರಗೋಡಿನ ಕನ್ನಡದವರಿಗೆ ಕನ್ನಡ ಸಿನಿಮಾ ನೋಡುವುದು ಅಂದರೆ ಹೆಚ್ಚಾಗಿ ಮಂಗಳೂರಿಗೆ ಹೋಗುವುದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿವರೆಗೆ ನಾವೂ ಮಂಗಳೂರಿನವರೂ ಒಂದೇ ಜಿಲ್ಲೆಯವರು. ಗಡಿ ಬಂದ ಮೇಲೂ ದೊಡ್ಡ ಆಸ್ಪತ್ರೆಗೆ ಅಲ್ಲಿಗೇ ಹೋಗುತ್ತೇವೆ, ಮದುವೆ ಜವಳಿಗೆ ಅಲ್ಲಿಗೇ ಹೋಗುತ್ತೇವೆ, ಸಿನಿಮಾಕ್ಕೂ ಅಲ್ಲಿಗೇ. ಮನೆಯ ನಾಲ್ಕು ಜನ ಹೊರಟರೆ ಲೆಕ್ಕ ಹಾಕಿ. ಹೋಗಿ ಬರುವ ಬಸ್ಸಿನ ಖರ್ಚು, ಟಿಕೆಟ್ಟಿನ ದುಡ್ಡು, ಮಧ್ಯಾಹ್ನದ ಊಟ, ಮಕ್ಕಳಿಗೆ ಐಸ್‌ಕ್ರೀಮು. ಇಡೀ ಒಂದು ದಿನ ಬೇಕು. ಅದಕ್ಕೇ ನೋಡಿ ಬಂದ ಒಬ್ಬರ ಮಾತು ನಂಬಿ ಹತ್ತು ಮನೆಯವರು ಹೊರಡುತ್ತಾರೆ. ಇಲ್ಲವೇ ಹೊರಡದೆ ಉಳಿಯುತ್ತಾರೆ.

ಆ ಮಾತು ಹುಟ್ಟುವುದು ವಾಪಸು ಬರುವ ಬಸ್ಸಿನಲ್ಲಿ. ಮಂಗಳೂರಿನಲ್ಲಿ ಬಸ್ಸು ಹತ್ತುವಾಗ ಎಲ್ಲರೂ ಕನ್ನಡದಲ್ಲೇ ಶುರು ಮಾಡುತ್ತಾರೆ, ಯಾಕೆಂದರೆ ಸಿನಿಮಾದ ಡೈಲಾಗು ಇನ್ನೂ ಕಿವಿಯಲ್ಲೇ ಇರುತ್ತದೆ. ನೇತ್ರಾವತಿ ಸೇತುವೆ ದಾಟುವಾಗ ತುಳು ಸೇರಿಕೊಳ್ಳುತ್ತದೆ. ತಲಪಾಡಿ ಗಡಿ ದಾಟಿ ಮಂಜೇಶ್ವರ, ಉಪ್ಪಳ ಬರುವಷ್ಟರಲ್ಲಿ ಮಲಯಾಳವೂ ಬಂದಾಯಿತು. ಹಿಂದಿನ ಸೀಟಿನ ತುಳುವಿನವರು ಚೆನ್ನಾಗಿದೆ ಅಂತ "ಎಡ್ಡೆ ಉಂಡು" ಅಂದರೆ, ಅವರ ಪಕ್ಕದವರು "ದಾಲಾ ಇಜ್ಜಿ" ಅಂತ ಕೈ ಅಲ್ಲಾಡಿಸುತ್ತಾರೆ, ಅದರಲ್ಲಿ ಏನೂ ಇಲ್ಲ ಅಂತ. ಹವ್ಯಕರ ಹುಡುಗ ಅದನ್ನೇ ಅವನ ಭಾಷೆಯಲ್ಲಿ "ಲಾಯ್ಕಿದ್ದು" ಅನ್ನುತ್ತಾನೆ. ಅವನ ಮಲಯಾಳಿ ಗೆಳೆಯನಿಗೆ ಎಲ್ಲವೂ "ಅಡಿಪೊಳಿ", ಅಂದರೆ ಭರ್ಜರಿ. ಆದರೆ ಅದೇ ಮಲಯಾಳದ ಹಿರಿಯರು "ತರಕ್ಕೇಡಿಲ್ಲ" ಅಂದರು ಅಂತಿಟ್ಟುಕೊಳ್ಳಿ. ಕನ್ನಡಕ್ಕೆ ತಂದರೆ ಅದು ಬರೀ "ಪರವಾಗಿಲ್ಲ". ನಮ್ಮ "ಪರವಾಗಿಲ್ಲ"ದಲ್ಲಿ ಸ್ವಲ್ಪ ಬೇಸರ ಇರುತ್ತದೆ. ಅವರ "ತರಕ್ಕೇಡಿಲ್ಲ"ದಲ್ಲಿ ನನಗೆ ಯಾವಾಗಲೂ ಮೆಚ್ಚುಗೆಯೇ ಕೇಳಿಸಿದೆ. ಅಂಥವರ ಬಾಯಿಂದ ಆ ಮಾತು ಬಂದರೆ ನಾನು ಮುಂದಿನ ಭಾನುವಾರಕ್ಕೆ ಟಿಕೆಟ್ ಮಾಡಿಸಿಬಿಡುತ್ತೇನೆ.

ಇಷ್ಟು ಭಾಷೆ ಗೊತ್ತಿರುವವರು ಒಂದು ಸಿನಿಮಾವನ್ನು ಇನ್ನೊಂದರ ಪಕ್ಕ ಇಟ್ಟು ನೋಡಬಲ್ಲರು. ಬೇಸಿಗೆಯಲ್ಲಿ ಕನ್ನಡದ ದೊಡ್ಡ ಸಿನಿಮಾ ಬರುತ್ತದೆ, ಮಲಯಾಳದ್ದು ವಿಷುವಿಗೆ ಸರಿಯಾಗಿ ಬರುತ್ತದೆ, ತಮಿಳು, ತೆಲುಗಿನವೂ ಬರುತ್ತವೆ. ನಮ್ಮ ಹುಡುಗರು ಎಲ್ಲವನ್ನೂ ನೋಡುತ್ತಾರೆ. ಅವರ ಮಾತು ಕೇಳುವಾಗ ನನಗೆ ನಿಜವಾಗಿ ಹೆಮ್ಮೆ ಅನಿಸುತ್ತದೆ.

ಈಗ ನನ್ನ ಸೋದರಮಾವನ ವಿಷಯಕ್ಕೆ ಬರುತ್ತೇನೆ. ಅವರಿಗೆ ಎಂಬತ್ತರ ಹತ್ತಿರ. ಯಕ್ಷಗಾನ ಅಂದರೆ ಜೀವ. ಯಕ್ಷಗಾನದ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯವರು ನಾವು, ಅವರಿಗೆ ಆಟದ, ಅಂದರೆ ಯಕ್ಷಗಾನದ, ಹುಚ್ಚು ಇರುವುದರಲ್ಲಿ ಆಶ್ಚರ್ಯ ಇಲ್ಲ. 2022ರ ಏಪ್ರಿಲ್ 14ರಂದು ಕೆಜಿಎಫ್‌ನ ಎರಡನೇ ಭಾಗ ಬಿಡುಗಡೆ ಆಯಿತು. ಮರುದಿನವೇ ವಿಷು. ಕೇರಳದಲ್ಲಿ ಅದು ಮಲಯಾಳಕ್ಕೆ ಡಬ್ ಆಗಿ ಬಂತು. ನಮಗೆ ಕನ್ನಡದಲ್ಲೇ ನೋಡಬೇಕು ಅಂತ ಆಸೆ. ಹಬ್ಬ ಮುಗಿಸಿಕೊಂಡು ಮಂಗಳೂರಿಗೆ ಹೊರಟೆವು. ಮಾವನೂ ಬಂದರು. ಹೀರೋ ತೆರೆಯ ಮೇಲೆ ಬಂದಾಗ ಶಿಳ್ಳೆ, ಚಪ್ಪಾಳೆ, ಕೂಗು, ಒಂದು ಮಾತೂ ಕೇಳಿಸಲಿಲ್ಲ. ನಾನು ಮೆಲ್ಲ ಮಾವನ ಮುಖ ನೋಡಿದೆ. ಅವರು ಕಣ್ಣು ಅಗಲಿಸಿ ಕೂತಿದ್ದರು.

ಬಸ್ಸಿನಲ್ಲಿ ಕೇಳಿದೆ, "ಹೇಗಾಯಿತು ಮಾವ?"

"ಮಗಳೇ, ಇದು ಬಣ್ಣದ ವೇಷದ ಲೆಕ್ಕ" ಅಂದರು.

ಅವರು ಹೇಳಿದ್ದನ್ನು ಬಿಡಿಸಿ ಹೇಳುತ್ತೇನೆ. ತೆಂಕುತಿಟ್ಟಿನ, ಅಂದರೆ ನಮ್ಮ ಕಡೆಯ ಶೈಲಿಯ, ಆಟದಲ್ಲಿ ನಡುರಾತ್ರಿ ಕಳೆದ ಮೇಲೆ ಬಣ್ಣದ ವೇಷ, ಅಂದರೆ ರಾಕ್ಷಸ, ಬರುವುದು. ಅಕ್ಕಿ ಹಿಟ್ಟು, ಸುಣ್ಣ ಸೇರಿಸಿ ಮುಖಕ್ಕೆ ಚುಟ್ಟಿ ಇಡಲು ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತು ಕೂತು ಮಾಡಿಕೊಂಡ ಮುಖವನ್ನು ಅವರು ತಟ್ಟನೆ ತೋರಿಸುವುದಿಲ್ಲ. ರಂಗದ ಮೇಲೆ ಇಬ್ಬರು ತೆರೆ ಹಿಡಿಯುತ್ತಾರೆ. ಚೆಂಡೆ ಏರುತ್ತದೆ. ತೆರೆಯ ಮೇಲಿಂದ ಕಿರೀಟದ ತುದಿ ಮಾತ್ರ ಕಾಣುತ್ತದೆ. ಒಂದು ಅಬ್ಬರ ಕೇಳುತ್ತದೆ, ನಿದ್ದೆ ಹೋದ ಮಕ್ಕಳೆಲ್ಲ ಎದ್ದು ಕೂರುತ್ತಾರೆ. ತೆರೆ ಸ್ವಲ್ಪ ಇಳಿಯುತ್ತದೆ, ಮತ್ತೆ ಏರುತ್ತದೆ. ಕೆಲವು ಸಲ ವೇಷ ಸಭೆಯ ಹಿಂದಿನಿಂದ, ಜನರ ನಡುವಿನಿಂದಲೇ ಬರುವುದುಂಟು. ದೀವಟಿಗೆಗೆ ರಾಳದ ಪುಡಿ ಎಸೆದಾಗ ಭಗ್ ಅಂತ ಬೆಂಕಿ ಏಳುತ್ತದೆ. ಆ ಬೆಳಕಿನಲ್ಲಿ ಒಂದು ಕ್ಷಣ ಮುಖ ಕಂಡು ಮಾಯವಾಗುತ್ತದೆ. ಇಷ್ಟೆಲ್ಲ ಆದ ಮೇಲೆ ಪೂರ್ತಿ ವೇಷ ಕಾಣುವುದು.

"ಹಾಗೆ ಕಾಯಿಸಿದರೆ ಮಾತ್ರ ವೇಷಕ್ಕೆ ಮರ್ಯಾದೆ" ಅಂದರು ಮಾವ. "ಈ ಸಿನಿಮಾದವರಿಗೆ ಅದು ಗೊತ್ತುಂಟು. ಆದರೆ ಒಂದು ರಾತ್ರಿಗೆ ಬಣ್ಣದ ವೇಷ ಎಷ್ಟು ಸಲ ಹಾಗೆ ಬಂದೀತು? ಇವರು ಪ್ರತಿ ಹತ್ತು ನಿಮಿಷಕ್ಕೂ ತೆರೆ ಹಿಡಿಯುತ್ತಾರೆ. ಕಡೆಗೆ ನನಗೆ ದಣಿವಾಯಿತು."

ಆಮೇಲೆ ನಾನು ಆ ಸಿನಿಮಾದ ಬಗ್ಗೆ ಬೇಕಾದಷ್ಟು ಮಾತು ಕೇಳಿದ್ದೇನೆ, ಓದಿದ್ದೇನೆ. ಮಾವ ಹೇಳಿದಷ್ಟು ಸರಿಯಾಗಿ ಯಾರೂ ಹೇಳಲಿಲ್ಲ. ಹೊಗಳಿಕೆಯೂ ಇತ್ತು, ತಕರಾರೂ ಇತ್ತು. ಎರಡಕ್ಕೂ ಕಾರಣ ಇತ್ತು. ಆ ಕಾರಣ ಅವರು ಎಪ್ಪತ್ತು ವರ್ಷ ನೋಡಿದ ಆಟದಿಂದ ಬಂದದ್ದು.

ಮಾವನ ಮಾತಿಗೆ ಸಾಕ್ಷಿ ದೂರದ ಅಮೆರಿಕದಲ್ಲೂ ಉಂಟು. ಬೇಸಿಗೆಯಲ್ಲಿ ದೊಡ್ಡ ಸಿನಿಮಾ ಬಿಡುವ ಪದ್ಧತಿಗೆ ದಾರಿ ಹಾಕಿದ್ದು 1975ರ ಜೂನ್‌ನಲ್ಲಿ ಬಂದ 'ಜಾಸ್' ಅಂತ ಹೇಳುತ್ತಾರೆ. ಸ್ಟೀವನ್ ಸ್ಪಿಲ್‌ಬರ್ಗ್ ನಿರ್ದೇಶಿಸಿದ್ದು. ಟಿವಿಯಲ್ಲಿ ಜೋರು ಜಾಹೀರಾತು ಕೊಟ್ಟು, 400ಕ್ಕೂ ಹೆಚ್ಚು ಥಿಯೇಟರುಗಳಲ್ಲಿ ಒಟ್ಟಿಗೇ ಬಿಟ್ಟರು. ಅಲ್ಲಿ ಅವರಿಗೆ ಜೂನ್ ಅಂದರೆ ಬೇಸಿಗೆ. ನಮಗೆ ಆಗ ಮಳೆ ಹಿಡಿದಿರುತ್ತದೆ, ಅದು ಬೇರೆ ವಿಷಯ. ಆ ಸಿನಿಮಾದಲ್ಲಿ ಮನುಷ್ಯರನ್ನು ತಿನ್ನುವ ದೊಡ್ಡ ಶಾರ್ಕ್ ಮೀನು ಇದೆ. ಅದಕ್ಕಾಗಿ ಮಾಡಿಸಿದ ಯಂತ್ರದ ಮೀನು ಸಮುದ್ರದ ನೀರಿನಲ್ಲಿ ಮತ್ತೆ ಮತ್ತೆ ಕೆಟ್ಟುಹೋಗುತ್ತಿತ್ತು. ಹಾಗಾಗಿ ಮೀನನ್ನು ಹೆಚ್ಚು ತೋರಿಸಲು ಆಗಲಿಲ್ಲ. ನೀರು, ಸಂಗೀತ, ಜನರ ಹೆದರಿಕೆ, ಇಷ್ಟರಲ್ಲೇ ಅದು ಹತ್ತಿರ ಬರುತ್ತಿದೆ ಅಂತ ಗೊತ್ತಾಗುವ ಹಾಗೆ ಮಾಡಿದರು. ಜನ ಜಾಸ್ತಿ ಹೆದರಿದ್ದು ಅದಕ್ಕೇ. ಕಿರೀಟದ ತುದಿ ಮಾತ್ರ ತೋರಿಸುವ ಉಪಾಯವೇ ಅಲ್ವಾ ಅದು?

ಈಗಿನ ಬೇಸಿಗೆ ಸಿನಿಮಾಗಳ ಬಗ್ಗೆ ನನ್ನ ದೊಡ್ಡ ದೂರು ಕೂಡ ಇದೇ. ಟ್ರೈಲರಿನಲ್ಲೇ ಅರ್ಧ ತೋರಿಸಿಬಿಡುತ್ತಾರೆ. ಉಳಿದ ಅರ್ಧವನ್ನು ನೋಡಿ ಬಂದವರು ಮೊಬೈಲಿನಲ್ಲಿ ಹಿಡಿದು ಹಂಚುತ್ತಾರೆ. ಥಿಯೇಟರಿನ ಒಳಗೆ ತೆರೆಯ ಮೇಲಿನ ಚಿತ್ರವನ್ನು ಹಿಡಿಯುವುದು ತಪ್ಪು, ಕಾನೂನಿನಲ್ಲೂ ತಪ್ಪು. ದಯವಿಟ್ಟು ಅದನ್ನು ಮಾಡಬೇಡಿ.

2017ರಲ್ಲಿ ಬಾಹುಬಲಿಯ ಎರಡನೇ ಭಾಗ ಬಂದಾಗಿನ ಒಂದು ಸಂಗತಿ ನೆನಪಿದೆ. ಕಟ್ಟಪ್ಪ ಬಾಹುಬಲಿಯನ್ನು ಯಾಕೆ ಕೊಂದ ಅನ್ನುವ ಪ್ರಶ್ನೆಯನ್ನು 2015ರ ಜುಲೈಯಿಂದ ಹೊತ್ತುಕೊಂಡು ತಿರುಗಿದವರು ನಾವೆಲ್ಲ. ಏಪ್ರಿಲ್ 28ಕ್ಕೆ ಸಿನಿಮಾ ಬಂತು. ನಮ್ಮ ಕಡೆಯ ಒಬ್ಬ ಆಟೋ ಅಣ್ಣ ಮೊದಲ ದಿನವೇ ನೋಡಿ ಬಂದ. ಸ್ಟ್ಯಾಂಡಿನಲ್ಲಿ ಎಲ್ಲರೂ ಅವನನ್ನು ಸುತ್ತಿಕೊಂಡರು. ಅವನು ಬಾಯಿ ಬಿಡಲಿಲ್ಲ. "ನನ್ನ ಆಟೋದಲ್ಲಿ ಬನ್ನಿ, ಕುಂಬಳೆ ಸ್ಟೇಶನ್ನಿಗೆ ಬಿಡ್ತೇನೆ, ರೈಲಲ್ಲಿ ಹೋಗಿ ನೋಡಿ" ಅಂದ. ಎರಡು ವಾರ ಆ ಗುಟ್ಟನ್ನು ಕಾಪಾಡಿದ. ನಾನು ನೋಡಿ ಬಂದ ದಿನ ಅವನ ಆಟೋದಲ್ಲೇ ಮನೆಗೆ ಬಂದೆ. ದಾರಿಯುದ್ದಕ್ಕೂ ಅವನು ಎರಡು ವಾರದಿಂದ ತಡೆದಿಟ್ಟ ಮಾತೆಲ್ಲ ಹೊರಗೆ ಬಂತು. ಅಂದಿನ ಸಂತೋಷ ಸಿನಿಮಾ ನೋಡಿದ ಸಂತೋಷಕ್ಕಿಂತ ಕಡಿಮೆ ಇರಲಿಲ್ಲ.

ಇನ್ನೊಂದು ಮಾತು ಈಚೆಗೆ ಹೆಚ್ಚಾಗಿದೆ. "ಹೇಗುಂಟು" ಅಂತ ಕೇಳಿದರೆ "ನೂರು ಕೋಟಿ ಆಯ್ತು" ಅನ್ನುತ್ತಾರೆ. ಮಕ್ಕಳೂ ಹೇಳುತ್ತಾರೆ. ಆ ಕೋಟಿಯಲ್ಲಿ ತೆರಿಗೆ ಇದೆ, ಥಿಯೇಟರಿನವರ ಪಾಲಿದೆ, ಹಂಚಿಕೆದಾರರ ಪಾಲಿದೆ. ಅದು ಅಡಿಕೆಯ ದರ ಹೇಳಿದ ಹಾಗೆ, ಅಡಿಕೆ ಹೇಗಿದೆ ಅಂತ ಅದರಿಂದ ಗೊತ್ತಾಗುವುದಿಲ್ಲ. ಒಡೆದು ನೋಡಿದವರೇ ಹೇಳಬೇಕು.

ಹಾಗೆಯೇ ಥಿಯೇಟರಿನ ತಪ್ಪನ್ನು ಸಿನಿಮಾದ ತಲೆಗೆ ಕಟ್ಟಬಾರದು. ಒಂದು ಮೇ ತಿಂಗಳಲ್ಲಿ ನಾವು ಹೋದ ಕಡೆ ಎ.ಸಿ. ಕೆಟ್ಟಿತ್ತು, ಸೌಂಡು ಒಡೆದು ಬರುತ್ತಿತ್ತು. ನನ್ನ ಅಕ್ಕ ಇವತ್ತಿಗೂ ಆ ಸಿನಿಮಾ ಕೆಟ್ಟದು ಅಂತಲೇ ಹೇಳುತ್ತಾಳೆ. ಆಮೇಲೆ ಟಿವಿಯಲ್ಲಿ ನೋಡಿದೆ, ಒಳ್ಳೆಯ ಸಿನಿಮಾ ಅದು.

ನಮ್ಮದೇ ಕಥೆ ತೆರೆಗೆ ಬಂದಾಗ ನಿಜ ಹೇಳುವುದು ಇನ್ನೂ ಕಷ್ಟ. 2018ರಲ್ಲಿ ರಿಷಬ್ ಶೆಟ್ಟಿ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು' ಮಾಡಿದರು. ಮುಚ್ಚಲು ಹೊರಟ ಕನ್ನಡ ಶಾಲೆಯ ಕಥೆ. ಮಕ್ಕಳ ಸಿನಿಮಾ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ನೋಡುವಾಗ ನಾನು ಅತ್ತಿದ್ದೇನೆ. ನಾನು ಕಲಿತದ್ದು ಅಂಥದ್ದೇ ಶಾಲೆಯಲ್ಲಿ. ಆದರೂ ನನಗೆ ಊರಿನ ಭಾಗ, ಆ ಮಕ್ಕಳ ಜಗಳ, ಗೆಳೆತನ ಹಿಡಿಸಿದಷ್ಟು ಕೋರ್ಟಿನ ಭಾಗ ಹಿಡಿಸಲಿಲ್ಲ. ಅಲ್ಲಿ ಮಾತು ಜಾಸ್ತಿ ಆಯಿತು ಅನಿಸಿತು. ಆಗ ಇದನ್ನು ಹೇಳಿದ್ದಕ್ಕೆ ಕೆಲವರಿಗೆ ಬೇಸರ ಆಯಿತು, "ನಮ್ಮ ಪರ ಮಾತಾಡಿದ ಸಿನಿಮಾಕ್ಕೆ ಹಾಗೆ ಹೇಳಬಹುದಾ" ಅಂತ. ಪ್ರೀತಿ ಇದ್ದ ಕಡೆಯೇ ಹೇಳಬೇಕು ಅಂತ ನನ್ನ ನಂಬಿಕೆ. ನಮ್ಮವರು ನೋಡಿ ಸರಿಯಾಗಿ ಹೇಳದಿದ್ದರೆ ನಮ್ಮ ಮೇಲೆ ಮಾಡುವ ಸಿನಿಮಾ ಚೆನ್ನಾಗುವುದು ಹೇಗೆ?

ಬೇಸಿಗೆಯನ್ನೇ ಕಾಯದೆ ಬಂದ ಒಂದು ಸಿನಿಮಾದ ಹೆಸರು ಇಲ್ಲಿ ಹೇಳಲೇಬೇಕು. 'ಸು ಫ್ರಮ್ ಸೋ'. ಬಂದದ್ದು 2025ರ ಜುಲೈ 25ಕ್ಕೆ, ಸುರಿಯುವ ಮಳೆಯಲ್ಲಿ. ಬರೆದು ನಿರ್ದೇಶಿಸಿದವರು ಜೆ.ಪಿ. ತುಮಿನಾಡು. ತುಮಿನಾಡು ಅಂದರೆ ನಮ್ಮ ಮಂಜೇಶ್ವರದ ತುಮಿನಾಡೇ, ತಲಪಾಡಿ ದಾಟಿ ಬಂದರೆ ಸಿಗುವ ಊರು. ದೊಡ್ಡ ಸ್ಟಾರ್ ಹೀರೋನ ಎಂಟ್ರಿ ಇಲ್ಲ. ಕರಾವಳಿಯ ಒಂದು ಊರು, ಅಲ್ಲಿನ ಜನ, ಒಂದು ಭೂತದ ಗಲಾಟೆ. ನೋಡಿದವರು ನೋಡದವರಿಗೆ ಹೇಳಿದರು. ಅಷ್ಟರಿಂದಲೇ ಥಿಯೇಟರು ತುಂಬುತ್ತಾ ಹೋಯಿತು. ಆಮೇಲೆ ಮಲಯಾಳಕ್ಕೂ ಹೋಯಿತು. ನಮ್ಮ ಪಕ್ಕದ ಮನೆಯ ಮಲಯಾಳಿ ಚೇಚಿ ಮಲಯಾಳದಲ್ಲಿ ನೋಡಿದರು, ನಾನು ಕನ್ನಡದಲ್ಲಿ ನೋಡಿದೆ. ಬೇಲಿಯ ಹತ್ತಿರ ನಿಂತು ಇಬ್ಬರೂ ನೆನೆಸಿಕೊಂಡು ನಕ್ಕೆವು. ನಕ್ಕದ್ದು ಒಂದೇ ಜಾಗಕ್ಕೆ. ಚೇಚಿ ಹೇಳಿದ್ದು, "ತರಕ್ಕೇಡಿಲ್ಲ."

ಈ ವರ್ಷದ ದೊಡ್ಡ ಸಿನಿಮಾಕ್ಕೆ ನಾವು ಮೊನ್ನೆ ಭಾನುವಾರ ಹೋಗಿ ಬಂದೆವು. ಮಾವನಿಗೆ ಈಗ ಮೊಣಕಾಲು ನೋವು. ಬಸ್ಸು ಹತ್ತಿ ಇಳಿಯಲು ಆಗುವುದಿಲ್ಲ, ಮನೆಯಲ್ಲೇ ಉಳಿದರು. ನಾವು ರಾತ್ರಿ ಬರುವಾಗ ಜಗಲಿಯಲ್ಲಿ ಕಾಯುತ್ತಾ ಕೂತಿದ್ದರು. ಊಟ ಆಯಿತಾ ಅಂತ ಕೂಡ ಕೇಳಲಿಲ್ಲ. ನನ್ನ ಮಗನನ್ನು ಹತ್ತಿರ ಕರೆದು, "ಎಂಟ್ರಿ ಹೇಗಿತ್ತಪ್ಪಾ?" ಅಂದರು. ಅವನಿಗೆ ಒಂಬತ್ತು ವರ್ಷ. ಹಗ್ಗದ ಮೇಲಿದ್ದ ಬೈರಾಸು, ಅಂದರೆ ಟವೆಲು, ಎಳೆದುಕೊಂಡು ಬಂದ. ಒಂದು ತುದಿ ನನ್ನ ಕೈಗೆ ಕೊಟ್ಟ, ಇನ್ನೊಂದು ಅವನ ಅಪ್ಪನ ಕೈಗೆ. ಅದರ ಹಿಂದೆ ಕುಳಿತ. ನಾವು ಸುಮ್ನೆ ಹಿಡಿದು ನಿಂತೆವು. ಮಾವ ಕುರ್ಚಿಯ ಕೈ ಮೇಲೆ ಬೆರಳಿನಿಂದ ಚೆಂಡೆ ಬಾರಿಸಲು ಶುರು ಮಾಡಿದರು. ಬೈರಾಸಿನ ಮೇಲಿಂದ ಮೊದಲು ಕಂಡದ್ದು ಅವನ ತಲೆಗೂದಲು ಮಾತ್ರ.

ನಮಸ್ಕಾರ.